ಬೋರ್ಡಿನ ಮೇಲೆ ಕನ್ನಡ ಬಂತು, ನೆಟ್ಟಿನಲ್ಲಿ ಅಂಗಡಿಯೇ ಇಲ್ಲ: ಬೆಂಗಳೂರಿನ ವ್ಯಾಪಾರಿಗಳಿಗೆ ಒಂದು ಬಹಿರಂಗ ಪತ್ರ

ಚಿಕ್ಕಪೇಟೆ, ಸುಲ್ತಾನ್‌ಪೇಟೆ, ಗಾಂಧಿ ಬಜಾರ್, ಮಲ್ಲೇಶ್ವರ, ಜಯನಗರ, ಪೀಣ್ಯ ಮತ್ತು ಸುತ್ತಮುತ್ತಲ ಅಂಗಡಿ, ಮೆಸ್, ಕ್ಲಿನಿಕ್, ವರ್ಕ್‌ಶಾಪ್ ಮಾಲೀಕರಿಗೆ,

ನಮಸ್ಕಾರ.

ನಾನು ರಾಜಾಜಿನಗರದಲ್ಲಿ ಒಂದು ಸಣ್ಣ ಡಿಸೈನ್ ಆಫೀಸ್ ನಡೆಸುತ್ತೇನೆ. ವೆಬ್‌ಸೈಟ್, ಲೋಗೋ, ಬ್ರೋಷರ್, ಗೂಗಲ್ ಜಾಹೀರಾತು, ಇನ್‌ಸ್ಟಾಗ್ರಾಮ್ ಪೋಸ್ಟು, ಹಬ್ಬದ ಶುಭಾಶಯದ ಕಾರ್ಡು, ಹೀಗೆ ಕೈಗೆ ಬಂದದ್ದೆಲ್ಲ ಮಾಡುತ್ತೇವೆ. ಇತ್ತೀಚೆಗೆ ನಿಮ್ಮಲ್ಲಿ ಬಹಳ ಜನ ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ. "ಸೈಟಿಗೆ ಜನ ಬರೋದೇ ಕಮ್ಮಿ ಆಗಿದೆಯಲ್ರೀ, ನೀವು ಏನ್ ಮಾಡ್ತಾ ಇದೀರಿ?" ಅದರ ಹಿಂದೆಯೇ ಇನ್ನೊಂದು: "ನಮ್ಮ ಹುಡುಗ ಹೇಳ್ತಾನೆ, ಗೂಗಲ್ ಕಥೆ ಮುಗೀತು, ಇನ್ನು ಚಾಟ್‌ಜಿಪಿಟಿಯಲ್ಲಿ ಹೆಸರು ಬರಬೇಕಂತೆ, ಅದಕ್ಕೆ ಯಾರೋ ಪ್ಯಾಕೇಜ್ ಕೊಡ್ತಾರಂತೆ, ಹೌದಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿ.

ಜನ ಯಾಕೆ ಕಡಿಮೆ ಆದರು ಅನ್ನುವುದನ್ನು ಮೊದಲು ನೋಡೋಣ.

ಗೂಗಲ್ ಶುರುವಾಗಿದ್ದು 1998ರಲ್ಲಿ. ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಅದರ ಕೆಲಸ ಹೆಚ್ಚುಕಡಿಮೆ ಒಂದೇ ರೀತಿ ಇತ್ತು. ನೀವು ಏನೋ ಕೇಳುತ್ತೀರಿ, ಅದು ಒಂದು ಪಟ್ಟಿ ಕೊಡುತ್ತದೆ, ನೀವು ಅದರಲ್ಲಿ ಒಂದನ್ನು ಒತ್ತಿ ಒಳಗೆ ಹೋಗುತ್ತೀರಿ. ನಮ್ಮಂಥವರ ಹೊಟ್ಟೆಪಾಡು ಆ ಪಟ್ಟಿಯ ಮೇಲೆ ನಿಂತಿತ್ತು. ನಿಮ್ಮ ಹೆಸರನ್ನು ಪಟ್ಟಿಯಲ್ಲಿ ಮೇಲೆ ತರುವುದಕ್ಕೆ ಎಸ್‌ಇಒ ಅಂತ ಹೆಸರಿಟ್ಟು ತಿಂಗಳು ತಿಂಗಳು ಬಿಲ್ಲು ಮಾಡುತ್ತಿದ್ದರು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು, ಕೇಳಿದ್ದಕ್ಕೆ ತಾನೇ ಉತ್ತರ ಬರೆಯುವ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ಯಂತ್ರ. ಜನರಿಗೆ ಪಟ್ಟಿ ಬೇಡ, ನೇರ ಉತ್ತರ ಸಿಕ್ಕರೆ ಸಾಕು ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಗೂಗಲ್ ಕೂಡ ಸುಮ್ಮನೆ ಕೂರಲಿಲ್ಲ. ಪಟ್ಟಿಯ ಮೇಲ್ಗಡೆ ತಾನೇ ಉತ್ತರ ಬರೆದು ಇಡುವ 'ಎಐ ಓವರ್‌ವ್ಯೂ' ಅನ್ನು 2024ರ ಮೇನಲ್ಲಿ ಅಮೆರಿಕದಲ್ಲಿ ಬಿಟ್ಟಿತು, ಅದೇ ಆಗಸ್ಟ್‌ನಲ್ಲಿ ನಮ್ಮ ದೇಶಕ್ಕೂ ತಂದಿತು. 2025ರಲ್ಲಿ ಪಟ್ಟಿಯ ಬದಲು ಮಾತುಕತೆಯ ಹಾಗೆ ಉತ್ತರ ಕೊಡುವ 'ಎಐ ಮೋಡ್' ಬಂತು. ಅದು ಮೊದಲು ಇಂಗ್ಲಿಷ್, ಆಮೇಲೆ ಹಿಂದಿ, ಅದೇ ವರ್ಷ ಕನ್ನಡವನ್ನೂ ಕಲಿಯಿತು.

ಇದೆಲ್ಲ ಸಾಫ್ಟ್‌ವೇರ್ ಹುಡುಗರ ಆಟ, ನಮ್ಮ ಗಿರಾಕಿಗಳಿಗೆ ಇದೆಲ್ಲಿ ಗೊತ್ತು ಅನ್ನಬೇಡಿ. 2025ರ ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆಲ್ಲ ಪರ್‌ಪ್ಲೆಕ್ಸಿಟಿ ಅನ್ನುವ ಇಂಥದ್ದೇ ಎಐ ಸೇವೆಯನ್ನು ಒಂದು ವರ್ಷ ಪುಕ್ಕಟೆ ಕೊಟ್ಟಿತು. ಆಮೇಲೆ ಜಿಯೋ ಗೂಗಲ್‌ನ ಎಐ ಆದ ಜೆಮಿನಿ ಕೊಟ್ಟಿತು. ನವೆಂಬರ್‌ನಿಂದ ಚಾಟ್‌ಜಿಪಿಟಿಯವರೂ ತಮ್ಮ ಒಂದು ಪ್ಲಾನನ್ನು ಭಾರತದಲ್ಲಿ ಒಂದು ವರ್ಷ ಬಿಟ್ಟಿ ಮಾಡಿದರು. ಬಿಟ್ಟಿ ಅಂದಮೇಲೆ ಯಾರು ಬಿಡುತ್ತಾರೆ? ನಮ್ಮ ಬೀದಿಯ ಹೂವಿನ ಅಂಗಡಿ ಅಕ್ಕನ ಮಗ ಕಾಲೇಜಿನ ಅಸೈನ್‌ಮೆಂಟು ಅದರಲ್ಲೇ ಬರೆಸುತ್ತಾನೆ, ಅಕ್ಕ ಮಂಡಿನೋವಿಗೆ ಯಾವ ಡಾಕ್ಟರು ಅಂತ ಅದನ್ನೇ ಕನ್ನಡದಲ್ಲಿ ಬಾಯಲ್ಲೇ ಕೇಳುತ್ತಾರೆ.

ಅಮೆರಿಕದ ಪ್ಯೂ ರಿಸರ್ಚ್ ಸಂಸ್ಥೆ 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಮಾರು 900 ಜನರ ಹುಡುಕಾಟವನ್ನು ಗಮನಿಸಿತ್ತು. ಎಐ ಬರೆದ ಸಾರಾಂಶ ಮೇಲೆ ಕಂಡಾಗ ಪಟ್ಟಿಯ ಲಿಂಕ್ ಒತ್ತಿದ್ದು ಶೇ 8ರಷ್ಟು ಸಲ ಮಾತ್ರ. ಸಾರಾಂಶ ಇಲ್ಲದಾಗ ಶೇ 15. ಸಾರಾಂಶದ ಒಳಗೇ ಕೊಟ್ಟಿದ್ದ ಲಿಂಕ್ ಒತ್ತಿದ್ದು ಬರೀ ಶೇ 1ರಷ್ಟು ಸಲ. ಗೂಗಲ್ ಈ ಅಧ್ಯಯನದ ರೀತಿಯನ್ನೇ ಒಪ್ಪಲಿಲ್ಲ, ಅದು ಬೇರೆ ಮಾತು. ಅಮೆರಿಕದ ಲೆಕ್ಕ ಅವೆನ್ಯೂ ರಸ್ತೆಗೆ ಹಾಗೇ ಹೊಂದುವುದೂ ಇಲ್ಲ. ಆದರೆ ನಾವು ನಿಭಾಯಿಸುವ ಸೈಟುಗಳಲ್ಲೂ ಗಾಳಿ ಅದೇ ಕಡೆಗೆ ಬೀಸುತ್ತಿದೆ.

ಹಾಗಂತ ಗಾಬರಿ ಬೀಳಬೇಡಿ. ಕಡಿಮೆ ಆದವರಲ್ಲಿ ಹೆಚ್ಚಿನವರು ಸುಮ್ನೆ ಇಣುಕಿ ನೋಡಿ ಹೋಗುತ್ತಿದ್ದವರು. ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ, ಭಾನುವಾರ ಇರುತ್ತದಾ, ಫೋನ್ ನಂಬರ್ ಏನು ಅಂತ ನೋಡುವುದಕ್ಕೆ ಬರುತ್ತಿದ್ದರು. ಅದೆಲ್ಲ ಈಗ ಹುಡುಕಾಟದ ಪುಟದಲ್ಲೇ ಸಿಗುತ್ತದೆ. ಸೈಟಿನವರೆಗೂ ಬರುವವನು ಅರ್ಧ ಮನಸ್ಸು ಮಾಡಿಕೊಂಡೇ ಬಂದಿರುತ್ತಾನೆ. ಅವನಿಗೆ ನಿಮ್ಮ ತಾತ 1952ರಲ್ಲಿ ಹೇಗೆ ಅಂಗಡಿ ಶುರು ಮಾಡಿದರು ಅನ್ನುವ ವಿಡಿಯೋ ತಾನಾಗೇ ಓಡುವುದು ಬೇಡ. ರೇಟು ಬೇಕು. ಎಷ್ಟು ದಿನಕ್ಕೆ ಆಗುತ್ತದೆ ಅನ್ನುವುದು ಬೇಕು. ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವುದು ಬೇಕು.

ನನಗೆ ಚಿಂತೆ ಇರುವುದು ಸೈಟಿಗೆ ಬಂದವರ ಬಗ್ಗೆ ಅಲ್ಲ. ಆ ಎಐ ಯಂತ್ರ ಉತ್ತರ ಕೊಡುವಾಗ ನಿಮ್ಮ ಹೆಸರನ್ನೇ ಎತ್ತದಿದ್ದರೆ ಏನು ಗತಿ ಅನ್ನುವುದರ ಬಗ್ಗೆ.

ಯಂತ್ರ ಏನು ಮಾಡುತ್ತದೆ ಅನ್ನುವುದನ್ನು ಸರಳವಾಗಿ ಹೇಳುತ್ತೇನೆ. ಯಾರೋ ಪ್ರಶ್ನೆ ಕೇಳಿದಾಗ ಅದು ನೆಟ್ಟಿನಲ್ಲಿ ಹುಡುಕಿ ಒಂದಷ್ಟು ಪುಟ ತರುತ್ತದೆ. ಅದರಲ್ಲಿ ಪ್ರಶ್ನೆಗೆ ಸಂಬಂಧಪಟ್ಟ ಸಾಲುಗಳನ್ನು ಆರಿಸಿಕೊಳ್ಳುತ್ತದೆ. ಅವನ್ನು ಹೊಲಿದು ಒಂದು ಉತ್ತರ ಮಾಡುತ್ತದೆ. ಸಾಲು ಇದ್ದರೆ ತಾನೇ ಆರಿಸುವುದು? ನಿಮ್ಮ ಸೈಟಿನಲ್ಲಿ ಸಾಲೇ ಇಲ್ಲ. ಇರುವುದೆಲ್ಲ ಚಿತ್ರ. ಇಲ್ಲವೇ "ಗುಣಮಟ್ಟವೇ ನಮ್ಮ ಗುರಿ, ಗ್ರಾಹಕರ ತೃಪ್ತಿಯೇ ನಮ್ಮ ಸಂಪತ್ತು" ಅನ್ನುವ ಮಾತು. ಆ ಮಾತನ್ನು ನಿಮ್ಮ ಎದುರು ಅಂಗಡಿಯವರೂ ಬರೆಸಿದ್ದಾರೆ. ನಿಜ ಹೇಳಬೇಕೆಂದರೆ ಇಬ್ಬರಿಗೂ ಬರೆದುಕೊಟ್ಟಿದ್ದು ಒಬ್ಬನೇ ಇರಬಹುದು.

ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯ ಉದಾಹರಣೆ ಕೊಡುತ್ತೇನೆ. ಮಾಲೀಕರು ಒಪ್ಪಿದ್ದಾರೆ, ಹೆಸರು ಬೇಡ ಅಂದಿದ್ದಾರೆ. ಅವರ ಮುಂದೆಯೇ ಕೂತು ಫೋನಿನಲ್ಲಿ ಕನ್ನಡದಲ್ಲಿ ಕೇಳಿದೆವು: "ಗೃಹಪ್ರವೇಶದ ಕಾರ್ಡ್ 100 ಮಾತ್ರ ಬೇಕು, ಕನ್ನಡದಲ್ಲಿ, ಎರಡು ದಿನದಲ್ಲಿ ಬೆಂಗಳೂರಿನಲ್ಲಿ ಯಾರು ಮಾಡಿಕೊಡ್ತಾರೆ?" ಈ ಊರಿನಲ್ಲಿ ಆ ಕೆಲಸವನ್ನು ಇವರಿಗಿಂತ ಚೆನ್ನಾಗಿ ಮಾಡುವವರು ಕಡಿಮೆ. ಸಂಜೆ ಮ್ಯಾಟರ್ ಕೊಟ್ಟರೆ ಮಾರನೇ ದಿನ ಪ್ರೂಫ್ ಕೊಡುತ್ತಾರೆ, ಆಹ್ವಾನ ಒಕ್ಕಣೆಯಲ್ಲಿ 'ಶ್ರೀಮತಿ' ಯಾರ ಹೆಸರಿನ ಮೊದಲು, 'ಚಿ|| ರಾ||' ಯಾರಿಗೆ, 'ಚಿ|| ಸೌ||' ಯಾರಿಗೆ, ತಂದೆ ಇಲ್ಲದಿದ್ದರೆ ಯಾರ ಹೆಸರಲ್ಲಿ ಕರೆಯಬೇಕು ಅನ್ನುವುದನ್ನೆಲ್ಲ ಬಂದವರಿಗೆ ಅವರೇ ಹೇಳಿಕೊಡುತ್ತಾರೆ. ಫೋನು ಹೇಳಿದ್ದು ಬೇರೆ ರಾಜ್ಯದಿಂದ ಕೊರಿಯರ್ ಮಾಡುವ ಆನ್‌ಲೈನ್ ಕಂಪನಿಗಳ ಹೆಸರು. ಜೊತೆಗೆ ಮನೆಯಲ್ಲೇ ಕಾರ್ಡ್ ಡಿಸೈನ್ ಮಾಡುವ ಆಪ್ ಒಂದು.

ಇವರಿಗೆ ಸೈಟ್ ಇರಲಿಲ್ಲವಾ? ಇತ್ತು. ಅದರಲ್ಲಿ ಕನ್ನಡವೂ ಇತ್ತು, ಅದೇ ತಮಾಷೆ. ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ) ಹುಡುಗ, 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಫಾಂಟ್ ಸಮೇತ ಸೈಟಿಗೆ ಅಂಟಿಸಿದ್ದ. ಕಣ್ಣಿಗೆ ಚಂದದ ಕನ್ನಡ. ಆದರೆ ಆ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ಫಾಂಟನ್ನು ತೆಗೆದರೆ ಒಳಗಿರುವುದು ಸೊಟ್ಟ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು. 'ಕನ್ನಡ' ಅನ್ನುವ ಪದದ ನಟ್ಟನಡುವೆ ಬ್ರಿಟಿಷ್ ಪೌಂಡ್ ಚಿಹ್ನೆ ಬಂದು ಕೂರುತ್ತದೆ! ಗೂಗಲ್ ಆಗಲಿ ಎಐ ಆಗಲಿ ನೋಡುವುದು ಫಾಂಟನ್ನಲ್ಲ, ಒಳಗಿರುವುದನ್ನು. ಪ್ರತಿ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಿಂದಲೂ ಇದೆ. ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ, ಹಳೆಯದನ್ನು ಬದಲಾಯಿಸಿಕೊಡುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೂ ಡಿಟಿಪಿ ಅಂಗಡಿಗಳಲ್ಲಿ ಹಳೇ ಫಾಂಟೇ ನಡೆಯುತ್ತಿದೆ, ಯಾಕೆಂದರೆ ಅಲ್ಲಿ ಬಳಸುವ ಪೇಜ್‌ಮೇಕರ್ ಸಾಫ್ಟ್‌ವೇರಿಗೆ, ಕೋರಲ್‌ಡ್ರಾದ ಹಳೇ ವರ್ಷನ್‌ಗೆ ಅದೇ ಒಗ್ಗುವುದು. ಪ್ರಿಂಟಿಗೆ ಸರಿ. ನೆಟ್ಟಿಗೆ ಅದು ಕನ್ನಡವೇ ಅಲ್ಲ.

ಈಗ ಬೋರ್ಡಿನ ವಿಷಯಕ್ಕೆ ಬರುತ್ತೇನೆ. 2023ರ ಡಿಸೆಂಬರ್‌ನಲ್ಲಿ ಕನ್ನಡ ಇಲ್ಲದ ಬೋರ್ಡುಗಳ ವಿರುದ್ಧ ಊರಲ್ಲಿ ಪ್ರತಿಭಟನೆ ಎದ್ದು, ಬೋರ್ಡುಗಳನ್ನು ಕಿತ್ತು ಒಡೆದದ್ದು ನಿಮಗೆ ನೆನಪಿದೆ. 2024ರ ಫೆಬ್ರವರಿಯಲ್ಲಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಅನ್ನುವ ತಿದ್ದುಪಡಿಯನ್ನು ಶಾಸನಸಭೆ ಒಪ್ಪಿತು, ಆ ತಿಂಗಳ ಕೊನೆಯ ಗಡುವಿಗೆ ಓಡಾಡಿ ನೀವೆಲ್ಲ ಬೋರ್ಡ್ ಬದಲಾಯಿಸಿದಿರಿ. ಒಳ್ಳೆಯದೇ ಆಯಿತು, ನನ್ನ ಬೆಂಬಲ ಅದಕ್ಕೆ ಪೂರ್ತಿ ಇದೆ. ಆದರೆ ಒಂದು ಮಾತು ಕೇಳುತ್ತೇನೆ. ಬೋರ್ಡ್ ಓದುವವನು ಆಗಲೇ ನಿಮ್ಮ ಅಂಗಡಿ ಮುಂದೆ ನಿಂತಿದ್ದಾನೆ. ಅಲ್ಲಿಯವರೆಗೂ ಅವನನ್ನು ಕರೆತರುವುದು ಈಗ ಫೋನು. ಆ ಫೋನಿನೊಳಗೆ ನಿಮ್ಮ ಅಂಗಡಿಯ ಬಗ್ಗೆ ಶೇ 60 ಬಿಡಿ, ಒಂದು ಸಾಲು ಕನ್ನಡ ಇದೆಯಾ? ಕನ್ನಡದಲ್ಲಿ ಕೇಳಿದವನಿಗೆ ಕನ್ನಡದಲ್ಲೇ ಉತ್ತರ ಬರುತ್ತದೆ, ಒಪ್ಪಿದೆ. ಆ ಉತ್ತರದ ಬೇರು ಎಲ್ಲೋ ಇಂಗ್ಲಿಷ್‌ನಲ್ಲಿ ಬರೆದುಕೊಂಡವನ ಪುಟದಲ್ಲಿರುತ್ತದೆ. ಅವನ ಅಂಗಡಿ ಕೋರಮಂಗಲದಲ್ಲಿರಬಹುದು, ಗುರುಗ್ರಾಮದಲ್ಲೂ ಇರಬಹುದು.

"ನಾವು ಇನ್‌ಸ್ಟಾಗ್ರಾಮ್‌ನಲ್ಲಿ ದಿನಾ ಪೋಸ್ಟ್ ಹಾಕ್ತೀವಲ್ಲ" ಅನ್ನುತ್ತೀರಿ. ನೋಡಿದ್ದೇನೆ. ಆಷಾಢದ ಸೇಲ್, ವರಮಹಾಲಕ್ಷ್ಮಿ ಆಫರ್, ರಾಜ್ಯೋತ್ಸವದ ಹಳದಿ ಕೆಂಪು, ಎಲ್ಲ ಚಿತ್ರದೊಳಗೆ ಬರೆದ ಅಕ್ಷರ. ಕೆಳಗಡೆ ಕ್ಯಾಪ್ಷನ್‌ನಲ್ಲಿ ಮೂವತ್ತು ಹ್ಯಾಶ್‌ಟ್ಯಾಗ್. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದಲಾರದು ಅಂತಲ್ಲ, ಓದಬಲ್ಲದು. ಆದರೆ ಕನ್ನಡದ ಅಲಂಕಾರದ ಅಕ್ಷರದಲ್ಲಿ, ಒತ್ತಕ್ಷರದ ಮೇಲೆ ದೀಪದ ಚಿತ್ರ ಕೂರಿಸಿದ್ದನ್ನು ಅದು ಸರಿಯಾಗಿ ಓದಿತು ಅಂತ ಯಾವ ಧೈರ್ಯದ ಮೇಲೆ ಹೇಳುತ್ತೀರಿ? ಇನ್‌ಸ್ಟಾಗ್ರಾಮ್ ಬಿಡಿ ಅನ್ನುತ್ತಿಲ್ಲ. ಅಲ್ಲಿ ಹಾಕಿದ್ದನ್ನೇ ನಾಲ್ಕು ಸಾಲು ಅಕ್ಷರದಲ್ಲಿ ನಿಮ್ಮ ಸೈಟಿನಲ್ಲೂ ಹಾಕಿ.

ನಿಮ್ಮದೇ ಸೈಟು ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮ್ಯಾಪಿನಲ್ಲೂ ಹುಡುಕಾಟದಲ್ಲೂ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆಗೆ ಹಿಂದೆ ಒಂದು ಬಿಟ್ಟಿ ವೆಬ್‌ಸೈಟ್ ಸಿಗುತ್ತಿತ್ತು, ನಿಮ್ಮಲ್ಲಿ ಎಷ್ಟೋ ಜನ ಅದನ್ನೇ ನಂಬಿಕೊಂಡು ವಿಸಿಟಿಂಗ್ ಕಾರ್ಡಿನ ಮೇಲೂ ಅಚ್ಚು ಹಾಕಿಸಿದ್ದಿರಿ. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ಮುಚ್ಚಿತು. ಹೇಳಿಯೇ ಮುಚ್ಚಿತು, ಆದರೆ ಆ ಇಮೇಲ್ ಓದಿದವರು ಯಾರು? ಇನ್ನೂ ಕೆಟ್ಟದ್ದು ಅಂದರೆ ಡೊಮೇನ್, ಅಂದರೆ ನೆಟ್ಟಿನಲ್ಲಿ ನಿಮ್ಮ ಸೈಟಿನ ವಿಳಾಸದ ವಿಷಯ. ಸೈಟ್ ಮಾಡಿಕೊಟ್ಟವನು ತನ್ನ ಹೆಸರಿನಲ್ಲೇ ಡೊಮೇನ್ ತೆಗೆದುಕೊಂಡು, ಮೂರನೇ ವರ್ಷ ಫೋನ್ ಎತ್ತದೆ ಇರುವುದು ಈ ಊರಲ್ಲಿ ಹೊಸದೇನಲ್ಲ. ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಕಾರ್ಡಿನಿಂದ ಕೊಂಡದ್ದಾಗಿರಬೇಕು. ನನ್ನಿಂದ ಮಾಡಿಸಿದರೂ ಅಷ್ಟೇ.

ಸರಿ, ಸೈಟಿನಲ್ಲಿ ಏನು ಬರೆಯುವುದು? ಈ ಪ್ರಶ್ನೆಗೆ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಒಳ್ಳೆಯ ಉತ್ತರ ಸಿಕ್ಕಿತು. ಜಾಬ್‌ವರ್ಕ್ ಮಾಡುವವರು, ಲೇತ್, ಮಿಲ್ಲಿಂಗ್, ಕಂಪ್ಯೂಟರ್ ನಡೆಸುವ ಒಂದೆರಡು ಸಿಎನ್‌ಸಿ ಮೆಷಿನ್. ಸೈಟಿನ ತುಂಬ "ವಿಶ್ವದರ್ಜೆಯ ನಿಖರತೆ" ಅಂತ ಇತ್ತು. ಅವರ ಸೂಪರ್‌ವೈಸರ್ ಪಕ್ಕದಲ್ಲಿ ಕೂತು ಒಂದು ಮಧ್ಯಾಹ್ನ ಬಂದ ಫೋನುಗಳನ್ನು ಕೇಳಿಸಿಕೊಂಡೆ. "ಒಂದೇ ಪೀಸ್ ಮಾಡಿಕೊಡ್ತೀರಾ, ಇಲ್ಲ ನೂರು ಬೇಕಾ?" "ಸ್ಟೇನ್‌ಲೆಸ್ ಸ್ಟೀಲ್ 316 ಮಾಡ್ತೀರಾ?" "ಮೆಟೀರಿಯಲ್ ನಾವು ತರಬೇಕಾ?" "ಡ್ರಾಯಿಂಗ್ ಇಲ್ಲ, ಹಳೇ ಪೀಸ್ ಇದೆ, ನೋಡಿ ಮಾಡ್ತೀರಾ?" "ಶಾಫ್ಟ್ ಎಷ್ಟು ಉದ್ದದವರೆಗೂ ಆಗುತ್ತೆ?" "ಹಾರ್ಡನಿಂಗ್ ನೀವೇ ಮಾಡಿಸಿಕೊಡ್ತೀರಾ?" ಪ್ರತಿ ಪ್ರಶ್ನೆಗೂ ಅವರ ಹತ್ತಿರ ಖಚಿತ ಉತ್ತರ ಇತ್ತು, ಒಂದೂ ಸೈಟಿನಲ್ಲಿ ಇರಲಿಲ್ಲ. ಅವನ್ನೇ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ ಅಂತ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹಾಕಿದೆವು. ಮೆಷಿನ್ ಹೆಸರು, ಬೆಡ್ ಉದ್ದ, ಎಷ್ಟು ಮೈಕ್ರಾನ್‌ವರೆಗೂ ಜವಾಬ್ದಾರಿ ತೆಗೆದುಕೊಳ್ಳುತ್ತಾರೆ, ಯಾವ ಕೆಲಸ ಮಾಡುವುದಿಲ್ಲ, ಎಲ್ಲ. 'ಮಾಡುವುದಿಲ್ಲ' ಅನ್ನುವ ಪಟ್ಟಿ ಬರೆಯುವುದಕ್ಕೆ ಮಾಲೀಕರು ಒಪ್ಪಲೇ ಇಲ್ಲ ಮೊದಲು. ಈಗ ಅವರೇ ಹೇಳುತ್ತಾರೆ, ಬೇಡದ ಫೋನು ಕಡಿಮೆ ಆಗಿದೆ, ಬರುವ ಫೋನು ನೇರ ಆರ್ಡರ್ ಮಾತಾಡುತ್ತದೆ ಅಂತ.

ನಿಮ್ಮ ಕೌಂಟರ್ ಹತ್ತಿರ ಗಿರಾಕಿ ಕೇಳುವ ಮಾತೇ ಇವತ್ತು ಜನ ಫೋನಿಗೆ ಕೇಳುವ ಮಾತು. ಹಿಂದೆ "ಮಿಕ್ಸಿ ರಿಪೇರಿ ಬೆಂಗಳೂರು" ಅಂತ ಮೂರು ಪದ ಟೈಪ್ ಮಾಡುತ್ತಿದ್ದರು. ಈಗ "ಮಿಕ್ಸಿ ಜಾರ್ ಕೆಳಗಡೆಯಿಂದ ನೀರು ಸೋರ್ತಾ ಇದೆ, ಮಾಗಡಿ ರಸ್ತೆ ಹತ್ತಿರ ಇವತ್ತೇ ಯಾರು ಸರಿಮಾಡ್ತಾರೆ" ಅಂತ ಇಡೀ ಕಥೆ ಹೇಳುತ್ತಾರೆ. ಆ ಕಥೆಗೆ ಹೊಂದುವ ಸಾಲು ನಿಮ್ಮಲ್ಲಿರಬೇಕು. ಗ್ರಂಥದ ಕನ್ನಡ ಬೇಡ. ಸೋರುತ್ತದೆ, ವಾಷರ್, ಬುಷ್, ಕಪ್ಲರ್ ಅಂತಲೇ ಬರೆಯಿರಿ, ಜನ ಹಾಗೇ ತಾನೇ ಮಾತಾಡುವುದು.

ವಿಳಾಸ ಇನ್ನೊಂದು ತಲೆನೋವು. "8ನೇ ಕ್ರಾಸ್" ಅಂದರೆ ಈ ಊರಲ್ಲಿ ಎಷ್ಟು ಬಡಾವಣೆ ಇದೆಯೋ ಅಷ್ಟು 8ನೇ ಕ್ರಾಸ್ ಇದೆ. ಯಾವ ಮೆಟ್ರೋ ನಿಲ್ದಾಣ, ಪಿಲ್ಲರ್ ನಂಬರ್ ಎಷ್ಟು, ಒನ್‌ವೇ ಯಾವ ಕಡೆಯಿಂದ, ಕಾರು ಎಲ್ಲಿ ನಿಲ್ಲಿಸಬಹುದು ಅನ್ನುವುದನ್ನೂ ಬರೆಯಿರಿ. ಅಂಗಡಿ ಜಾಗ ಬದಲಾಯಿಸಿದ್ದರೆ ಹಳೇ ವಿಳಾಸ ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕಿ ತೆಗೆಸಿ. ಯಂತ್ರಕ್ಕೆ ಎಷ್ಟೋ ಸಲ ಹಳತು ಹೊಸತು ಗೊತ್ತಾಗುವುದಿಲ್ಲ, ಕೇಳಿದವನಿಗೆ ಹಳೇ ವಿಳಾಸವನ್ನೇ ಬಹಳ ವಿನಯದಿಂದ ಹೇಳಿ ಕಳಿಸುತ್ತದೆ. ಅಮೆರಿಕದಲ್ಲಿ ಇದೇ ಓವರ್‌ವ್ಯೂ ಶುರುವಾದ ಹೊಸತರಲ್ಲಿ ಪಿಜ್ಜಾದ ಚೀಸ್ ಜಾರದಂತೆ ಅಂಟು ಹಾಕಿ ಅಂತ ಸಲಹೆ ಕೊಟ್ಟಿತ್ತು. ನೆಟ್ಟಿನಲ್ಲಿ ಯಾರೋ ಯಾವಾಗಲೋ ತಮಾಷೆಗೆ ಬರೆದದ್ದನ್ನು ಅದು ನಿಜ ಅಂದುಕೊಂಡಿತ್ತು. ಈಗ ಸುಧಾರಿಸಿದೆ. ಆದರೂ ತಿಂಗಳಿಗೊಮ್ಮೆ ನಿಮ್ಮ ಅಂಗಡಿ ಬಗ್ಗೆ ನೀವೇ ಗಿರಾಕಿಯಂತೆ ಕೇಳಿ ನೋಡಿ, ಏನು ಹೇಳುತ್ತದೆ ಅಂತ.

ರಿವ್ಯೂ ಬಗ್ಗೆ ಒಂದೆರಡು ಮಾತು. ಗೂಗಲ್ ಮ್ಯಾಪ್ಸ್‌ನಲ್ಲಿ ಜನ ಬರೆದ ರಿವ್ಯೂಗಳ ಸಾರವನ್ನೂ ಈಗ ಎಐ ಬರೆಯುತ್ತದೆ. "ಸೂಪರ್" "ನೈಸ್" ಅನ್ನುವ ಐದು ಸ್ಟಾರ್‌ನಿಂದ ಅದಕ್ಕೆ ಏನೂ ಸಿಗುವುದಿಲ್ಲ. "ಅಜ್ಜಿಗೆ ಹಲ್ಲಿನ ಸೆಟ್ ಮಾಡಿಸಿದೆವು, ಮೂರು ಸಲ ಬರಬೇಕಾಯಿತು, ಲಿಫ್ಟ್ ಇದೆ" ಅಂತ ಒಬ್ಬರು ಬರೆದರೆ ಅದರಲ್ಲಿ ಎಷ್ಟೊಂದು ವಿಷಯ ಇದೆ ನೋಡಿ. ಗಿರಾಕಿಗೆ ಸ್ಟಾರ್ ಕೇಳಬೇಡಿ, ಏನು ಕೆಲಸ ಮಾಡಿಸಿದಿರಿ ಅಂತ ಬರೆಯಿರಿ ಅನ್ನಿ, ಕನ್ನಡದಲ್ಲೇ ಬರೆಯಲಿ. ಡಿಸ್ಕೌಂಟ್ ಕೊಟ್ಟು ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಆ ಗೊಡವೆ ಬೇಡ.

ಈಗ ಆ ಪ್ಯಾಕೇಜ್ ವಿಷಯ. ಎಸ್‌ಇಒ ಥರವೇ, ಎಐ ಉತ್ತರದಲ್ಲಿ ಹೆಸರು ಬರಿಸುವ ಕೆಲಸಕ್ಕೆ 'ಜಿಇಒ', 'ಎಇಒ' ಅಂತ ಹೊಸ ಹೆಸರುಗಳು ಬಂದಿವೆ. ಎಐ ಉತ್ತರದಲ್ಲಿ ನಿಮ್ಮನ್ನು ನಂಬರ್ ಒನ್ ಮಾಡುತ್ತೇವೆ ಅನ್ನುತ್ತಾರೆ. ಅಲ್ಲಿ ನಂಬರ್ ಒನ್ ಅನ್ನುವುದೇ ಇಲ್ಲ. ಒಂದೇ ಪ್ರಶ್ನೆಯನ್ನು ನೀವು ಕೇಳಿದರೆ ಒಂದು ಉತ್ತರ, ನಿಮ್ಮ ಹೆಂಡತಿ ಕೇಳಿದರೆ ಇನ್ನೊಂದು, ಸಂಜೆ ಮತ್ತೆ ಕೇಳಿದರೆ ಮಗದೊಂದು. ಸೇಲ್ಸ್‌ನವನು ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸುವ ಸ್ಕ್ರೀನ್‌ಶಾಟ್ ಅವನ ಲ್ಯಾಪ್‌ಟಾಪಿನ ಉತ್ತರ ಅಷ್ಟೇ. ಎಐ ಓವರ್‌ವ್ಯೂನಲ್ಲಿ ಬರುವುದಕ್ಕೆ ಬೇರೆ ಯಾವ ವಿಶೇಷ ಫೈಲೂ ಬೇಡ, ಹುಡುಕಾಟಕ್ಕೆ ಮಾಡುವ ಮಾಮೂಲಿ ಕೆಲಸ ಸಾಕು ಅಂತ ಗೂಗಲ್ ತನ್ನ ಸೂಚನೆಗಳಲ್ಲೇ ಹೇಳಿದೆ. ಇನ್ನು ಕೆಲವರು ತಿಂಗಳಿಗೆ ಐವತ್ತು ಬ್ಲಾಗ್ ಬರೆದುಕೊಡುತ್ತೇವೆ ಅನ್ನುತ್ತಾರೆ, ಬರೆಯುವುದು ಚಾಟ್‌ಜಿಪಿಟಿ. ಯಂತ್ರಕ್ಕೆ ಆಗಲೇ ಗೊತ್ತಿರುವುದನ್ನು ಯಂತ್ರದಿಂದಲೇ ಬರೆಸಿ ಯಂತ್ರಕ್ಕೇ ಓದಿಸುವುದರಿಂದ ನಿಮಗೇನು ಬಂತು? ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿ ಪುಟ ಸುರಿಯುವುದನ್ನು 2024ರ ಮಾರ್ಚ್‌ನಿಂದ ಗೂಗಲ್ ಸ್ಪ್ಯಾಮ್ ಅಂತಲೇ ಹೆಸರಿಸಿದೆ, ಮನುಷ್ಯ ಬರೆದರೂ ಅಷ್ಟೇ, ಯಂತ್ರ ಬರೆದರೂ ಅಷ್ಟೇ. ಜಾಹೀರಾತಿನ ಕಥೆಯೂ ಬದಲಾಗಿದೆ. ಗೂಗಲ್‌ನ ಪರ್ಫಾರ್ಮೆನ್ಸ್ ಮ್ಯಾಕ್ಸ್, ಫೇಸ್‌ಬುಕ್ ಇನ್‌ಸ್ಟಾಗ್ರಾಮ್‌ಗಳ ಒಡೆಯ ಮೆಟಾದ ಅಡ್ವಾಂಟೇಜ್ ಪ್ಲಸ್, ಈ ಜಾಹೀರಾತು ವಿಧಾನಗಳೆಲ್ಲ ಯಾರಿಗೆ, ಎಲ್ಲಿ ತೋರಿಸಬೇಕು ಅಂತ ತಾವೇ ತೀರ್ಮಾನ ಮಾಡುತ್ತವೆ. ದಿನಕ್ಕೆ ಇಷ್ಟೇ ಅಂತ ಕಡಿವಾಣ ಹಾಕಿ, ಊರಿನ ಎಲ್ಲೆ ಗುರುತು ಮಾಡಿ, ಫೋನು ಬಂದರೆ ಮಾತ್ರ ಮುಂದುವರಿಸಿ. ಅದಕ್ಕಿಂತ ಜಾಸ್ತಿ ಇಲ್ಲಿ ಹೇಳುವುದಿಲ್ಲ, ಅದೇ ಒಂದು ಪತ್ರ ಆಗುತ್ತದೆ.

ಡಿಸೈನ್ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಿಮ್ಮ ಮಗ ಕ್ಯಾನ್ವಾದಲ್ಲಿ ಐದು ನಿಮಿಷಕ್ಕೆ ಪೋಸ್ಟರ್ ಮಾಡುತ್ತಾನೆ. ಎಐ ಹತ್ತಿರ ಕೇಳಿದರೆ ಒಂದೇ ನಿಮಿಷ. ಮಾಡಲಿ, ನಾವೂ ಅವನ್ನೆಲ್ಲ ಬಳಸುತ್ತೇವೆ. ಗಡಿಬಿಡಿಯ ಕೆಲಸಕ್ಕೆ ನಮ್ಮ ಹತ್ತಿರ ಬರಬೇಕಾಗಿಲ್ಲ. ಆದರೆ ಒಂದು ಮೆಸ್‌ನವರು ಮೆನುವಿಗೆ ಎಐ ದೋಸೆ ಹಾಕಿದ್ದನ್ನು ನೋಡಿದೆ. ದೋಸೆಯ ಮೇಲೆ ಕೊತ್ತಂಬರಿ ಸೊಪ್ಪಿನ ತೋಟ, ಪಕ್ಕದಲ್ಲಿ ಟೊಮೆಟೊ ಸಾಸ್, ಚಟ್ನಿ ಬಟ್ಟಲಿನಲ್ಲಿ ಚಮಚ ನಿಂತಿದೆ. ಅವರ ನಿಜವಾದ ದೋಸೆ ಎಷ್ಟು ಚಂದ ಇದೆ ಗೊತ್ತಾ? ಅಂಚು ಗರಿಗರಿ, ನಡುವೆ ಬೆಣ್ಣೆ, ಕೆಂಪು ಚಟ್ನಿ ಒಳಗಿಂದ ಇಣುಕುತ್ತದೆ. ಬೆಳಗ್ಗೆ ಏಳು ಗಂಟೆಯ ಬೆಳಕಿನಲ್ಲಿ ಫೋನಿನಲ್ಲೇ ತೆಗೆದರೆ ಸಾಕಿತ್ತು. ಎಲ್ಲರ ಪೋಸ್ಟರೂ ಒಂದೇ ನೇರಳೆ ಬಣ್ಣ, ಒಂದೇ ನಗು ಆಗಿರುವಾಗ ನಿಮ್ಮ ಅಂಗಡಿಯ ಅಸಲಿ ಫೋಟೋಗೆ ಬೆಲೆ ಇನ್ನೂ ಜಾಸ್ತಿ ಆಗಿದೆ.

ಎಐ ಚಿತ್ರದೊಳಗೆ ಕನ್ನಡ ಬರೆಸುವಾಗ ಮಾತ್ರ ಒಂದೊಂದಕ್ಷರ ಓದಿ. ಮೊದಲಿಗಿಂತ ಎಷ್ಟೋ ಉತ್ತಮ, ಆದರೂ ಒತ್ತು ತಪ್ಪುತ್ತದೆ, ದೀರ್ಘ ಹಾರಿಹೋಗುತ್ತದೆ. ರಾಜ್ಯೋತ್ಸವದ ಬ್ಯಾನರ್‌ನಲ್ಲೇ ಕನ್ನಡ ತಪ್ಪಾದರೆ ಬೈಗುಳ ತಿನ್ನುವವರು ನೀವು, ಯಂತ್ರ ಅಲ್ಲ.

ಸೈಟ್ ಮಾಡುವವರಿಗೂ ಒಂದು ಮಾತು, ನಿಮ್ಮ ಮೂಲಕವೇ ತಲುಪಲಿ. ವೆಬ್‌ಸೈಟಿನ ಟೆಂಪ್ಲೇಟುಗಳೆಲ್ಲ ಇಂಗ್ಲಿಷ್ ಅಳತೆಗೆ ಹೊಲಿದವು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬಿಟ್ಟಿರುವುದಿಲ್ಲ. ಮೊನ್ನೆ ಒಂದು ಸೈಟಿನಲ್ಲಿ "ಇಲ್ಲಿ ಒತ್ತಿ" ಅನ್ನುವ ಬಟನ್‌ನ ಕೆಳಭಾಗ ಕತ್ತರಿಸಿಹೋಗಿ "ಇಲಿ ಒತಿ" ಅಂತ ಕಾಣುತ್ತಿತ್ತು. ಗಿರಾಕಿ ಇಲಿಯನ್ನು ಎಲ್ಲಿ ಹುಡುಕಬೇಕು? ಸಾಲಿನ ಎತ್ತರ ಜಾಸ್ತಿ ಮಾಡಿ, ಬಟನ್ ಸ್ವಲ್ಪ ದಪ್ಪ ಮಾಡಿ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅನ್ನುವ ಭೇದ ಇಲ್ಲ, ಆದ್ದರಿಂದ ಶೀರ್ಷಿಕೆ ಎದ್ದು ಕಾಣಲು ಗಾತ್ರ ಮತ್ತು ದಪ್ಪವನ್ನೇ ನಂಬಬೇಕು. ಫಾಂಟಿಗೆ ಬರ ಇಲ್ಲ. ನೋಟೋ ಸಾನ್ಸ್ ಕನ್ನಡ ಇದೆ, ಬಲೂ ತಮ್ಮ ಇದೆ, ಬೆಣ್ಣೆ ಇದೆ, ಹುಬ್ಬಳ್ಳಿ ಇದೆ, ಎಲ್ಲವೂ ಯೂನಿಕೋಡ್, ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ. ಇಂಗ್ಲಿಷ್ ಸೈಟ್ ಮಾಡಿ ಮೂಲೆಯಲ್ಲಿ 'ಕನ್ನಡ' ಅಂತ ಒಂದು ಅನುವಾದದ ಗುಂಡಿ ಇಟ್ಟರೆ ಆಗಲಿಲ್ಲ. ಆ ಗುಂಡಿ ಒತ್ತಿದಾಗ ಮಾತ್ರ ಹುಟ್ಟುವ ಕನ್ನಡವನ್ನು ಹುಡುಕಾಟದ ಯಂತ್ರ ಸಾಮಾನ್ಯವಾಗಿ ನೋಡುವುದೇ ಇಲ್ಲ. ಕನ್ನಡಕ್ಕೆ ಅದರದೇ ಪುಟ, ಅದರದೇ ವಿಳಾಸ ಬೇಕು.

ನಡುವೆ ಸರ್ಕಾರದವರಿಗೂ ಒಂದು ಅರಿಕೆ, ಈ ಪತ್ರ ಹೇಗೋ ಅಲ್ಲಿಗೆ ಮುಟ್ಟಿದರೆ. ಬೋರ್ಡ್ ಅಳೆಯುವುದಕ್ಕೆ ಟೇಪ್ ಹಿಡಿದು ಬಂದಿರಿ, ಸಂತೋಷ. ನಿಮ್ಮ ಜಾಲತಾಣಗಳಲ್ಲಿ ಕನ್ನಡದ ಸುತ್ತೋಲೆಗಳು ಇನ್ನೂ ಸೀಲು ಸಹಿ ಸಮೇತ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿಯೇ ಬೀಳುತ್ತಿವೆ. ಅದರೊಳಗಿನ ಒಂದು ಪದವನ್ನೂ ಹುಡುಕಲು ಆಗುವುದಿಲ್ಲ. ಟ್ರೇಡ್ ಲೈಸೆನ್ಸ್ ನವೀಕರಣಕ್ಕೆ ಏನೇನು ಕಾಗದ ಬೇಕು ಅಂತ ಒಬ್ಬ ಅಂಗಡಿಯವನು ಕನ್ನಡದಲ್ಲಿ ಫೋನಿಗೆ ಕೇಳಿದರೆ, ಉತ್ತರ ಬರುವುದು ಲೈಸೆನ್ಸ್ ಮಾಡಿಸಿಕೊಡುವ ಯಾವುದೋ ಏಜೆಂಟರ ಇಂಗ್ಲಿಷ್ ಪುಟದಿಂದ, ಅವರ ಫೀಸು ಸಮೇತ. ಸಹಿ ಮಾಡಿದ ಪ್ರತಿ ಇರಲಿ. ಅದರ ಪಕ್ಕದಲ್ಲಿ ಅದೇ ವಿಷಯವನ್ನು ಯೂನಿಕೋಡ್ ಅಕ್ಷರದಲ್ಲಿ ಹಾಕಲು ಹೊಸ ಕಾಯಿದೆ ಏನೂ ಬೇಡ.

ಮತ್ತೆ ನಿಮ್ಮ ಕಡೆಗೇ ಬರುತ್ತೇನೆ. "ಇಷ್ಟೆಲ್ಲ ಬರೆಯೋಕೆ ಯಾರಿಗೆ ಟೈಮ್ ಇದೆ" ಅನ್ನುತ್ತೀರಿ, ಗೊತ್ತು. ಬರೆಯಬೇಡಿ. ಫೋನಿನ ಕೀಬೋರ್ಡಿನಲ್ಲಿ ಕನ್ನಡ ಆರಿಸಿಕೊಂಡು ಮೈಕ್ ಗುರುತು ಒತ್ತಿ. ಗಿರಾಕಿಗೆ ಹೇಳುವ ಹಾಗೇ ಹೇಳಿ. ಅದೇ ಟೈಪ್ ಮಾಡಿಕೊಳ್ಳುತ್ತದೆ. ಇವತ್ತು ಯಾರೋ ಬಂದು "ರೇಷ್ಮೆ ಸೀರೆಗೆ ಕುಚ್ಚು ಹಾಕಿಸೋಕೆ ಎಷ್ಟು ದಿನ" ಅಂತ ಕೇಳಿದರೆ, ಅವರು ಹೋದಮೇಲೆ ಆ ಪ್ರಶ್ನೆ, ನೀವು ಕೊಟ್ಟ ಉತ್ತರ, ಎರಡನ್ನೂ ಹೇಳಿಡಿ. ತಿಂಗಳ ಕೊನೆಯಲ್ಲಿ ಎಲ್ಲ ಸೇರಿಸಿ ವಾಟ್ಸಾಪ್‌ನಲ್ಲಿ ಕಳಿಸಿ. ಸೈಟ್ ಮಾಡಿಕೊಟ್ಟವರು ಯಾರಾದರೂ ಸರಿ, ಅವರಿಗೇ ಕಳಿಸಿ, ಪುಟಕ್ಕೆ ಏರಿಸಿ ಅನ್ನಿ. ಅವರು ಪಿಡಿಎಫ್ ಮಾಡಿ ಹಾಕುತ್ತೇನೆ ಅಂದರೆ ಬೇಡ ಅನ್ನಿ.

ನಮಗೇ ಕಳಿಸುವವರು ಕಾಗುಣಿತದ ಚಿಂತೆ ಮಾಡಬೇಡಿ. ಅದನ್ನು ತಿದ್ದುವುದು ನಮ್ಮ ಕೆಲಸ, ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇರುತ್ತದೆ.

ಇಂತಿ ನಿಮ್ಮವ,
ರಾಜಾಜಿನಗರದ ಒಬ್ಬ ಡಿಸೈನರ್